ಗಂಜಿಯ ಗುಟ್ಟು

ನಮ್ಮ ನೆರೆಮನೆಯ ರಾಯರು ಕಳೆದ ಚಳಿಗಾಲದಲ್ಲಿ ಮದುವೆಯೊಂದಕ್ಕೆಂದು ಚಿತ್ರದುರ್ಗದ ಸೀಮೆಗೆ ಹೋಗಿದ್ದವರು, ಹಿಂದಿರುಗುವಾಗ ಚಳ್ಳಕೆರೆಯಿಂದ ಒಂದು ಕರಿಯ ಕಂಬಳಿಯನ್ನು ಕೊಂಡುತಂದರು. ಅಂದು ಸಂಜೆ ನನ್ನನ್ನು ಕರೆದು ತೋರಿಸಿದರು. ಅವರ ಮುಖದಲ್ಲಿ ಸಂತೋಷಕ್ಕಿಂತ ಸಂಶಯವೇ ಹೆಚ್ಚಾಗಿತ್ತು. ಕಂಬಳಿ ಹಲಗೆಯಂತೆ ಬಿರುಸಾಗಿತ್ತು. ಮಡಿಸಿದರೆ ಮಡಿಸಿದ ಹಾಗೆಯೇ ನಿಲ್ಲುತ್ತಿತ್ತು. ಅವರ ಮನೆಯಾಕೆ ಅದರ ಒಂದು ಮೂಲೆಯನ್ನು ನೀರಿನಲ್ಲಿ ಅದ್ದಿ ಹಿಂಡಿ ನೋಡಿದ್ದರು. ಕೈಗೆ ಲೋಳೆಲೋಳೆಯಾಗಿ ಏನೋ ಹತ್ತಿತ್ತು. "ನೋಡಿದಿರಾ ಸ್ವಾಮಿ, ಅಂಟು ಬಳಿದು ದಪ್ಪ ಮಾಡಿ ಮಾರಿದ್ದಾರೆ. ಹೇಳಿದ ಬೆಲೆಯಲ್ಲಿ ನೂರು ರೂಪಾಯಿ ಇಳಿಸಿದೆನೆಂದು ಜಂಬಪಟ್ಟುಕೊಂಡಿದ್ದೆ. ಈಗ ನೋಡಿದರೆ ಟೋಪಿ ಬಿದ್ದದ್ದು ನನಗೇ! ವಾರವಾರವೂ ಏನೇನೋ ಬರೆಯುತ್ತೀರಲ್ಲ, ಇದಕ್ಕೇನು ಹೇಳುತ್ತೀರಿ?" ಎಂದು ರಾಯರು ಕೇಳಿದರು.

ಕಂಬಳಿಯಲ್ಲಿ ಊಟ ಮಾಡುತ್ತ ಕೂದಲು ಆರಿಸಬಾರದೆಂಬ ಗಾದೆಯನ್ನು ಹೇಳಿ ಅಂದು ಜಾರಿಕೊಂಡೆ. ಆದರೆ ಅವರ ಪ್ರಶ್ನೆಗೆ ಸರಿಯಾದ ಉತ್ತರವನ್ನು ಕೊಡಲೇಬೇಕಾಗಿದೆ. ಏಕೆಂದರೆ ಅದರಲ್ಲಿ ಒಬ್ಬ ನೇಕಾರನ ಮಾನದ ಮಾತು ಅಡಗಿದೆ. ಗಂಜಿ ಎಂದೊಡನೆ ನಮಗೆ ನೆನಪಾಗುವುದು ಜ್ವರ ಬಿಟ್ಟವನ ಪಥ್ಯ, ಬರಗಾಲದ ಗಂಜಿಕೇಂದ್ರ, ಇಲ್ಲವೇ ಇಸ್ತ್ರಿಗೆ ಮುಂಚೆ ಪಂಚೆಗೆ ಹಾಕುವ ಗಂಜಿ. ಆದರೆ ನಾವು ಉಡುವ ಬಟ್ಟೆ, ಬರೆಯುವ ಕಾಗದ, ಅಂಗಡಿಯಿಂದ ಬರುವ ರಟ್ಟಿನ ಪೆಟ್ಟಿಗೆ, ವೈದ್ಯರು ಕೊಡುವ ಗುಳಿಗೆ ಇವೆಲ್ಲದರಲ್ಲಿಯೂ ಗಂಜಿ ಕಣ್ಣಿಗೆ ಕಾಣದಂತೆ ದುಡಿಯುತ್ತಿದೆ. ಅದರ ಗುಟ್ಟನ್ನು ತಿಳಿಯಲು ಮೊದಲು ಚಳ್ಳಕೆರೆಯ ಕಡೆಗೇ ಹೋಗೋಣ.

ಹಾಸಿಗೆ ಏಕೆ ಗಂಜಿ?

ಚಳ್ಳಕೆರೆ ಮತ್ತು ಅದರ ಪಕ್ಕದ ಮೊಳಕಾಲ್ಮೂರು ರಾಜ್ಯದಲ್ಲಿಯೇ ಅತ್ಯಂತ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿದವು. ಚಳ್ಳಕೆರೆ ಕಡಲೆಕಾಯಿ ಎಣ್ಣೆಯ ಗಿರಣಿಗಳಿಂದ ಹೆಸರಾದ ಊರು. ಆದರೆ ಎಣ್ಣೆಗಿಂತಲೂ ಹಳೆಯದು ಅಲ್ಲಿನ ಕುರಿ, ಕುರಿಗಿಂತ ಬೇರೆಯಾಗದ್ದು ಕಂಬಳಿ. ಬಯಲುಸೀಮೆಯ ಒಣಹುಲ್ಲನ್ನು ಮೇಯುವ ಕುರಿಯ ಉಣ್ಣೆ ಕಾಶ್ಮೀರದ ಉಣ್ಣೆಯಂತೆ ನವಿರಲ್ಲ. ಒರಟು, ಗಿಡ್ಡ, ಕೂದಲಿನಂಥದು. ಅದನ್ನು ಕತ್ತರಿಸಿ, ಎಕ್ಕಿ, ನೂತು ನೂಲು ಮಾಡಿದರೆ ಆ ನೂಲಿನ ಮೈಯೆಲ್ಲ ಮುಳ್ಳುಮುಳ್ಳಾಗಿ ಎದ್ದ ಎಳೆಗಳೇ. ಕುರಿಯನ್ನು ಕಾಯುವವರೂ ಉಣ್ಣೆಯನ್ನು ನೇಯುವವರೂ ಬಹುಮಟ್ಟಿಗೆ ಕುರುಬ ಸಮಾಜದ ಮನೆಗಳವರು. ನೂಲುವ ಕೆಲಸ ಹೆಚ್ಚಾಗಿ ಹೆಂಗಸರದು.

ನೇಯ್ಗೆಯಲ್ಲಿ ಎರಡು ಬಗೆಯ ನೂಲುಂಟು. ಉದ್ದಕ್ಕೆ ಬಿಗಿದು ಕಟ್ಟಿದ್ದು ಹಾಸು. ಲಾಳಿಯೊಡನೆ ಅಡ್ಡಲಾಗಿ ಓಡಾಡುವುದು ಹೊಕ್ಕು. 'ಹಾಸುಹೊಕ್ಕು' ಎಂಬ ಮಾತನ್ನು ನಾವು ದಿನವೂ ಬಳಸುತ್ತೇವೆ. ಆದರೆ ಈ ಇಬ್ಬರು ಒಡಹುಟ್ಟಿದವರ ಬಾಳು ಒಂದೇ ಸಮನಲ್ಲವೆಂಬುದು ನೇಕಾರನಿಗೆ ಮಾತ್ರ ಗೊತ್ತು. ಹೊಕ್ಕಿನದು ಸುಖದ ಬಾಳು. ಲಾಳಿಯಲ್ಲಿ ಕುಳಿತು ಹೋಗಿ ತನ್ನ ಜಾಗದಲ್ಲಿ ಮಲಗಿಬಿಡುತ್ತದೆ. ಹಾಸಿನ ಎಳೆಗಾದರೋ ಬಿಗಿತದ ಮೇಲೆ ಬಿಗಿತ. ಮೇಲೆ ಏಳಬೇಕು, ಕೆಳಗೆ ಇಳಿಯಬೇಕು, ಬಾಚಣಿಗೆಯಂಥ ಹಣಿಗೆಯ ಹಲ್ಲುಗಳ ನಡುವೆ ಹಿಂದೆ ಮುಂದೆ ಉಜ್ಜಿಸಿಕೊಳ್ಳಬೇಕು. ಬಟ್ಟೆಯಾಗುವ ಮೊದಲು ಒಂದೊಂದು ಎಳೆಯೂ ಇಂಥ ಉಜ್ಜಾಟವನ್ನು ಸಾವಿರಾರು ಸಲ ಸಹಿಸಬೇಕು. ಒರಟು ಉಣ್ಣೆಯ ನೂಲು ಹಾಗೆಯೇ ಮಗ್ಗವೇರಿದರೆ ಎದ್ದ ಕೂದಲುಗಳು ಪಕ್ಕದ ಎಳೆಗಳೊಡನೆ ಸಿಕ್ಕಿಕೊಂಡು, ಗಂಟಾಗಿ, ಕೊನೆಗೆ ನೂಲು ಪಟಪಟನೆ ಹರಿಯುತ್ತದೆ.

ಇದನ್ನು ತಡೆಯಲೆಂದೇ ಹಾಸಿಗೆ ಗಂಜಿಯನ್ನು, ನೇಕಾರರ ಮಾತಿನಲ್ಲಿ ಹೇಳುವುದಾದರೆ 'ಸರಿ'ಯನ್ನು, ಹಚ್ಚುತ್ತಾರೆ. ಕಂಬಳಿಗೆ ಹಚ್ಚುವ ಸರಿ ಅಕ್ಕಿಯದಲ್ಲ, ರಾಗಿಯದಲ್ಲ; ಹುಣಸೆಬೀಜದ್ದು. ಹಣ್ಣು ಬಿಡಿಸಿ ಎಸೆದ ಬೀಜಗಳನ್ನು ಒಟ್ಟುಗೂಡಿಸಿ, ಹುರಿದು, ಕೆಂಗಪ್ಪಾದ ಸಿಪ್ಪೆಯನ್ನು ಕಳಚಿ, ಒಳಗಿನ ಬಿಳಿಯ ಬೇಳೆಯನ್ನು ನೆನೆಹಾಕಿ, ನುಣ್ಣಗೆ ರುಬ್ಬಿ ನೀರಿನಲ್ಲಿ ಕುದಿಸಿದರೆ ಅದು ಲೋಳೆಲೋಳೆಯಾದ ಅಂಟಾಗುತ್ತದೆ. ಹಾಸನ್ನು ಬೀದಿಯುದ್ದಕ್ಕೂ ಗೂಟಗಳ ನಡುವೆ ಬಿಗಿದು, ಆ ಅಂಟನ್ನು ಬಳಿದು, ದೊಡ್ಡ ಕುಂಚದಿಂದ ಒಂದೇ ದಿಕ್ಕಿಗೆ ತೀಡಿ ಬಿಸಿಲಿಗೆ ಒಣಗಿಸುತ್ತಾರೆ. ಎದ್ದ ಕೂದಲುಗಳೆಲ್ಲ ನೂಲಿನ ಮೈಗೆ ಅಂಟಿಕೊಳ್ಳುತ್ತವೆ. ನೂಲಿನ ಸುತ್ತ ತೆಳ್ಳನೆಯ ಕವಚವೊಂದು ಏರ್ಪಡುತ್ತದೆ. ಆಗ ಮಾತ್ರ ಅದು ಮಗ್ಗದ ಕಾಟಕ್ಕೆ ತಡೆದೀತು. ರಾಯರ ಮನೆಯಾಕೆಯ ಕೈಗೆ ಹತ್ತಿದ ಲೋಳೆ ಇದೇ!

ಇಲ್ಲಿಂದ ಮೊಳಕಾಲ್ಮೂರಿಗೆ ಹೋದರೆ ಇದೇ ಕಥೆಯ ಇನ್ನೊಂದು ಮುಖ ಕಾಣುತ್ತದೆ. ಅಶೋಕನ ಶಾಸನವಿರುವ ಬ್ರಹ್ಮಗಿರಿ ಈ ತಾಲ್ಲೂಕಿನಲ್ಲಿಯೇ ಇದೆ. ಆದರೆ ಮನೆಯ ಹೆಂಗಸರಿಗೆ ಮೊಳಕಾಲ್ಮೂರೆಂದರೆ ರೇಷ್ಮೆ ಸೀರೆ. ಭೌಗೋಳಿಕ ಸೂಚಕದ ಮನ್ನಣೆಯೂ ಆ ಸೀರೆಗೆ ದೊರೆತಿದೆ. ರೇಷ್ಮೆಯ ವಿಷಯದಲ್ಲಿ ಗಂಜಿ ಹಚ್ಚುವ ಕೆಲಸವನ್ನು ಹುಳುವೇ ಮಾಡಿ ಮುಗಿಸಿರುತ್ತದೆ. ಗೂಡು ಕಟ್ಟುವ ಹುಳು ಎರಡು ನವಿರಾದ ಎಳೆಗಳನ್ನು ಒಟ್ಟಿಗೆ ಹೊರಬಿಟ್ಟು, ಅವುಗಳ ಮೇಲೆ ಸೆರಿಸಿನ್ ಎಂಬ ಅಂಟನ್ನು ತಾನೇ ಲೇಪಿಸುತ್ತದೆ. ಕಚ್ಚಾ ರೇಷ್ಮೆಯ ತೂಕದಲ್ಲಿ ಐದನೆಯ ಒಂದು ಪಾಲಿಗೂ ಮೀರಿ ಈ ಅಂಟೇ ಇರುತ್ತದೆ. ಗೂಡು ಬಿಚ್ಚಿ ನೂಲು ತೆಗೆದು ಹುರಿ ಕೊಡುವವರೆಗೆ ಅದು ಎಳೆಯನ್ನು ಕಾಪಾಡುತ್ತದೆ. ಆಮೇಲೆ ಸಾಬೂನಿನ ನೀರಿನಲ್ಲಿ ಕುದಿಸಿ ಅದನ್ನು ಕಳೆಯಬೇಕು. ಕಳೆದ ಮೇಲೆಯೇ ರೇಷ್ಮೆಗೆ ಆ ಹೊಳಪು, ಆ ನಯ, ಬಣ್ಣ ಹಿಡಿಯುವ ಗುಣ.

ಕುರಿಯ ಉಣ್ಣೆಗೆ ಹುಣಸೆಯ ಸರಿ, ರೇಷ್ಮೆಗೆ ಹುಳುವಿನ ಅಂಟು, ಹತ್ತಿಯ ನೂಲಿಗೆ ಧಾನ್ಯದ ಗಂಜಿ. ವಸ್ತು ಬೇರೆಯಾದರೂ ಧರ್ಮ ಒಂದೇ. ಒಳ್ಳೆಯ ಗಂಜಿಗೆ ಮೂರು ಗುಣಗಳು ಬೇಕು: ಹಿಡಿಯಬೇಕು, ಬಾಗಬೇಕು, ಕೆಲಸ ಮುಗಿದ ಮೇಲೆ ಬಿಟ್ಟುಹೋಗಬೇಕು. ಈ ಮೂರನೆಯದೇ ಬಲು ಕಷ್ಟದ ಗುಣ!

ಅಡಿಗೆಮನೆಯ ರಸಾಯನಶಾಸ್ತ್ರ

ಹತ್ತಿಯ ಗಿರಣಿಗಳು ಬಂದಾಗ ಧಾನ್ಯದ ಗಂಜಿಗೆ ಮೊದಲ ಪರೀಕ್ಷೆ ಎದುರಾಯಿತು. ಧಾನ್ಯ ಗೆಡ್ಡೆಗಳಲ್ಲಿರುವ ಪಿಷ್ಟವೆಂದರೆ ಗ್ಲೂಕೋಸ್ ಸಕ್ಕರೆಯ ಅಣುಗಳು ಸಾಲಾಗಿ ಪೋಣಿಸಿಕೊಂಡು ಆದ ಸರಗಳು. ಕೆಲವು ನೇರವಾದ ಸರಗಳು, ಕೆಲವು ಮರದಂತೆ ಕವಲೊಡೆದವು. ಅವೆಲ್ಲ ಸುತ್ತಿ ಒತ್ತಿ ಕುಳಿತ ಸಣ್ಣ ಕಣಗಳೇ ನಾವು ನೋಡುವ ಬಿಳಿಯ ಪುಡಿ. ತಣ್ಣೀರಿನಲ್ಲಿ ಈ ಕಣಗಳು ಕರಗುವುದಿಲ್ಲ, ತಳದಲ್ಲಿ ಕೂರುತ್ತವೆ. ಶಾಖ ಸುಮಾರು 60 ಡಿಗ್ರಿಯನ್ನು ದಾಟಿದೊಡನೆ ನೀರನ್ನು ಕುಡಿದು ಉಬ್ಬಿ ಒಡೆದು ಗಂಜಿಯಾಗುತ್ತವೆ. ಆರಿದೊಡನೆ ಸರಗಳು ಮತ್ತೆ ಒಂದಕ್ಕೊಂದು ತಬ್ಬಿಕೊಂಡು ಗಟ್ಟಿಯಾಗುತ್ತವೆ. ರಾತ್ರಿಯ ಅನ್ನ ಬೆಳಗ್ಗೆ ಬಿರುಸಾಗುವುದೂ ಇದರಿಂದಲೇ.

ಒಂದು ಮಗ್ಗಕ್ಕೆ ಒಂದು ಮಡಕೆ ಗಂಜಿ ಕಾಯಿಸುವ ಮನೆಯಲ್ಲಿ ಇದು ತೊಂದರೆಯಲ್ಲ. ಸಾವಿರಾರು ಎಳೆಗಳು ಎಡೆಬಿಡದೆ ಓಡುವ ಗಿರಣಿಯಲ್ಲಿ ಮಾತ್ರ ಗಂಜಿ ಒಮ್ಮೆ ತೀರ ದಪ್ಪ, ಒಮ್ಮೆ ತೀರ ತೆಳುವಾದರೆ ಕೆಲಸ ಕೆಟ್ಟಿತು. ಆದ್ದರಿಂದ ಪಿಷ್ಟದ ಸ್ವಭಾವವನ್ನೇ ಬೇಕಾದಂತೆ ತಿದ್ದಬೇಕಾಯಿತು. ಹೀಗೆ ತಿದ್ದಿದ ಪಿಷ್ಟಕ್ಕೆ ಮಾರ್ಪಡಿಸಿದ ಪಿಷ್ಟವೆಂದು ಹೆಸರು. ಹೆಸರು ಕೇಳಿ ಹೆದರಬೇಕಾಗಿಲ್ಲ. ಗೃಹಿಣಿಯರು ಶತಮಾನಗಳಿಂದ ಮಾಡುತ್ತಿರುವುದೂ ಇದನ್ನೇ.

ಅವಲಕ್ಕಿಯನ್ನು ನೋಡಿ. ಅಕ್ಕಿ ತಣ್ಣೀರಿನಲ್ಲಿ ಬೇಯದು. ಅವಲಕ್ಕಿ ತಣ್ಣೀರಿನಲ್ಲಿಯೇ ಮೆತ್ತಗಾಗುತ್ತದೆ. ಭತ್ತವನ್ನು ನೆನೆಸಿ ಹುರಿದು ಕುಟ್ಟುವಾಗಲೇ ಅದರ ಪಿಷ್ಟ ಬೆಂದು ಒಣಗಿರುತ್ತದೆ. ರಾಗಿಯ ಹುರಿಹಿಟ್ಟನ್ನು ಒಲೆಯಿಲ್ಲದೆ ಕಲಸಿ ತಿನ್ನಬಹುದಾದದ್ದೂ ಹೀಗೆಯೇ. ಮೊಳಕೆ ಕಟ್ಟಿದ ರಾಗಿಯ ಹಿಟ್ಟಿನಿಂದ ಕಾಯಿಸಿದ ಅಂಬಲಿ, ಅದೇ ಅಳತೆಯ ಸಾದಾ ಹಿಟ್ಟಿನ ಅಂಬಲಿಗಿಂತ ತೆಳ್ಳಗೆ, ಸಿಹಿಯಾಗಿ ಇರುವುದನ್ನು ಕೂಸುಗಳ ತಾಯಂದಿರು ಬಲ್ಲರು. ಮೊಳೆಯುವ ಕಾಳಿನಲ್ಲಿ ಹುಟ್ಟುವ ಕಿಣ್ವ ಪಿಷ್ಟದ ಉದ್ದ ಸರಗಳನ್ನು ಕತ್ತರಿಸಿ ತುಂಡು ಮಾಡುತ್ತದೆ. ಗಂಜಿಗೆ ಹುಳಿ ಹಿಂಡಿ ಬಹಳ ಹೊತ್ತು ಕುದಿಸಿದರೂ ಅದು ನೀರಾಗುತ್ತದೆ. ಅಲ್ಲಿ ಕತ್ತರಿಯ ಕೆಲಸ ಆಮ್ಲದ್ದು. ಕಾರ್ಖಾನೆಯಲ್ಲಿ ಪಿಷ್ಟವನ್ನು ತಿದ್ದುವ ಮುಖ್ಯ ವಿಧಾನಗಳೂ ಇವೇ: ಬೇಯಿಸಿ ಒಣಗಿಸುವುದು, ಹುರಿಯುವುದು, ಕಿಣ್ವದಿಂದ ಕತ್ತರಿಸುವುದು, ಆಮ್ಲದಿಂದ ಕತ್ತರಿಸುವುದು. ಇವುಗಳ ಮೇಲೆ ರಸಾಯನಜ್ಞರು ತಮ್ಮದನ್ನೂ ಕೆಲವನ್ನು ಸೇರಿಸಿದ್ದಾರೆ.

ಬೆಂಕಿ ಬಿದ್ದ ಗಿರಣಿ

ಹುರಿಯುವ ವಿಧಾನ ಬೆಳಕಿಗೆ ಬಂದದ್ದರ ಬಗ್ಗೆ ಒಂದು ಸ್ವಾರಸ್ಯವಾದ ಕಥೆಯುಂಟು. 1821ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ಬಟ್ಟೆ ಗಿರಣಿಯೊಂದಕ್ಕೆ ಬೆಂಕಿ ಬಿದ್ದಿತಂತೆ. ಬೆಂಕಿ ಆರಿದ ಮೇಲೆ ನೋಡಿದರೆ ಉಗ್ರಾಣದ ಪಿಷ್ಟ ಸುಟ್ಟು ಬೂದಿಯಾಗದೆ ಕಂದುಬಣ್ಣಕ್ಕೆ ತಿರುಗಿತ್ತು. ಅದು ತಣ್ಣೀರಿನಲ್ಲಿಯೇ ಕರಗಿ ಒಳ್ಳೆಯ ಗೋಂದಾಯಿತು. ಶಾಖಕ್ಕೆ ಸಿಕ್ಕ ಸರಗಳು ತುಂಡಾಗಿ, ಮತ್ತೆ ಬೇರೆ ರೀತಿಯಲ್ಲಿ ಕವಲೊಡೆದು ಕೂಡಿಕೊಂಡಿದ್ದವು. ಈ ಪದಾರ್ಥಕ್ಕೆ ಬ್ರಿಟಿಷ್ ಗೋಂದು ಎಂಬ ಹೆಸರು ಬಿದ್ದಿತು. 1833ರಲ್ಲಿ ಫ್ರಾನ್ಸಿನ ಬಿಯೊ ಮತ್ತು ಪೆರ್ಸೊ ಎಂಬ ವಿಜ್ಞಾನಿಗಳು ಈ ಬಗೆಯ ಪದಾರ್ಥಕ್ಕೆ ಡೆಕ್ಸ್ಟ್ರಿನ್ ಎಂದು ಹೆಸರಿಟ್ಟರು. ಅದರ ದ್ರಾವಣ ಬೆಳಕಿನ ಕಂಪನದ ದಿಕ್ಕನ್ನು ಬಲಕ್ಕೆ ತಿರುಗಿಸುತ್ತಿದ್ದುದೇ ಆ ಹೆಸರಿಗೆ ಕಾರಣ. 1840ರಲ್ಲಿ ಇಂಗ್ಲೆಂಡಿನಲ್ಲಿ ಹೊರಟ ಪ್ರಪಂಚದ ಮೊದಲ ಅಂಚೆ ಚೀಟಿಯ ಬೆನ್ನಿಗೂ ಆಲೂಗೆಡ್ಡೆ, ಗೋದಿಗಳ ಪಿಷ್ಟವನ್ನು ಗೋಂದಿನೊಡನೆ ಬೆರೆಸಿಯೇ ಬಳಿದಿದ್ದರು.

ಅಲ್ಲಿಂದ ಮುಂದೆ ಪಿಷ್ಟ ಹೊಕ್ಕದ ಕಾರ್ಖಾನೆಯಿಲ್ಲ. ಕಾಗದದ ವಿಷಯವನ್ನು ವಾಚಕರು ತಾವೇ ಪರೀಕ್ಷಿಸಿ ನೋಡಬಹುದು. ಮಕ್ಕಳ ನೋಟುಪುಸ್ತಕದ ಬಿಡಿಹಾಳೆಯೊಂದರ ಮೇಲೆ ಒಂದು ಹನಿ ಟಿಂಕ್ಚರ್ ಅಯೊಡಿನ್ ಹಾಕಿರಿ. ಹಾಳೆಗೆ ಪಿಷ್ಟ ಸೇರಿದ್ದರೆ ಆ ಜಾಗ ನೀಲಿಗಪ್ಪಾಗುತ್ತದೆ. ಪಿಷ್ಟವಿರುವುದರಿಂದಲೇ ಮಸಿ ಹೀರುಕಾಗದದ ಮೇಲೆ ಹರಡುವಂತೆ ಅದರ ಮೇಲೆ ಹರಡುವುದಿಲ್ಲ. ಆದರೆ ಕಾಗದದ ತಿರುಳಿಗೆ ಸಾದಾ ಪಿಷ್ಟವನ್ನು ಬೆರೆಸಿದರೆ ಬಹುಪಾಲು ನೀರಿನೊಡನೆ ಜರಡಿಯ ಕೆಳಗೆ ಹರಿದುಹೋಗುತ್ತದೆ. ನಾರಿನ ಎಳೆಗಳಿಗೆ ಋಣವಿದ್ಯುತ್ತಿನ ಅಂಶವಿರುವುದನ್ನು ಬಲ್ಲ ರಸಾಯನಜ್ಞರು, ಪಿಷ್ಟದ ಸರಕ್ಕೆ ಧನವಿದ್ಯುತ್ತಿನ ಸಾರಜನಕದ ಗುಂಪುಗಳನ್ನು ಜೋಡಿಸಿದರು. ಈಗ ನಾರೂ ಪಿಷ್ಟವೂ ಒಂದನ್ನೊಂದು ಸೆಳೆದು ಹಿಡಿಯುತ್ತವೆ. ಕಾಗದವೂ ಗಟ್ಟಿ, ಹೊರಹೋಗುವ ನೀರೂ ಅಷ್ಟು ಹೊಲಸಾಗದು.

ರಟ್ಟಿನ ಪೆಟ್ಟಿಗೆಯ ಅಂಟಿನಲ್ಲಿ ಇನ್ನೊಂದು ಜಾಣತನವಿದೆ. ನಡುವೆ ಅಲೆಯಲೆಯಾದ ಹಾಳೆ, ಎರಡು ಬದಿಗೂ ಸಪಾಟಾದ ಹಾಳೆ. ಇವನ್ನು ಅಂಟಿಸುವುದು ಪಿಷ್ಟ. ಅದರಲ್ಲಿ ಸ್ವಲ್ಪವನ್ನು ಮೊದಲೇ ಬೇಯಿಸಿ, ಉಳಿದದ್ದನ್ನು ಹಸಿಯಾಗಿಯೇ ಬೆರೆಸಿರುತ್ತಾರೆ. ಬೆಂದದ್ದು ಹಸಿಯದನ್ನು ತೇಲಿಸಿಕೊಂಡು ಅಲೆಗಳ ತುದಿಗೆ ತಲುಪಿಸುತ್ತದೆ. ಕಾದ ಉರುಳೆ ತಗಲಿದೊಡನೆ ಹಸಿಯ ಪಿಷ್ಟ ಅಲ್ಲಿಯೇ ಬೆಂದು, ಸುತ್ತಲಿನ ನೀರನ್ನು ಹೀರಿ, ಕ್ಷಣಮಾತ್ರದಲ್ಲಿ ಅಂಟುತ್ತದೆ. ವೈದ್ಯರ ಗುಳಿಗೆಯಲ್ಲಿ ಪಿಷ್ಟದ ಕೆಲಸ ಇದಕ್ಕೆ ತದ್ವಿರುದ್ಧ, ಅಂಟಿಸುವುದಲ್ಲ, ಒಡೆಯುವುದು. ತಿದ್ದಿದ ಪಿಷ್ಟ ಹೊಟ್ಟೆಯ ನೀರು ತಾಕಿದೊಡನೆ ಉಬ್ಬಿ ಗುಳಿಗೆಯನ್ನು ಒಳಗಿನಿಂದಲೇ ಪುಡಿಮಾಡುತ್ತದೆ.

ಇಷ್ಟೆಲ್ಲಕ್ಕೂ ಬೇಕಾದ ಪಿಷ್ಟ ನಮ್ಮ ದೇಶದಲ್ಲಿ ಹೆಚ್ಚಾಗಿ ಬರುವುದು ಮೆಕ್ಕೆಜೋಳದಿಂದ, ಹಾಗೂ ಸೇಲಂ ಸೀಮೆಯ ಮರಗೆಣಸಿನಿಂದ. ನಮ್ಮ ಸಬ್ಬಕ್ಕಿಯ ತವರೂ ಅದೇ ಸೇಲಂ. ದಾವಣಗೆರೆ, ಚಿತ್ರದುರ್ಗಗಳ ಹೊಲಗಳಲ್ಲಿ ಇಂದು ಮೆಕ್ಕೆಜೋಳ ತುಂಬಿರುವುದನ್ನು ಪ್ರಯಾಣಿಕರೆಲ್ಲ ನೋಡಿದ್ದಾರೆ. ಅದರ ಒಣಕಾಳಿನ ತೂಕದಲ್ಲಿ ಹೆಚ್ಚುಕಡಿಮೆ ನೂರಕ್ಕೆ ಎಪ್ಪತ್ತರಷ್ಟು ಪಿಷ್ಟವೇ.

ಗಂಜಿಯಲ್ಲಿ ಮೋಸವಿಲ್ಲವೆ?

ಹಾಗಾದರೆ ಅಂಟು ಬಳಿದು ಮೋಸ ಮಾಡುವುದೇ ಇಲ್ಲವೆ, ಎಂದು ರಾಯರು ಕೇಳಬಹುದು. ಉಂಟು, ಮತ್ತು ಆ ಮೋಸದ ಇತಿಹಾಸ ನಮಗೆ ತಿಳಿದಿರುವುದು ಒಳ್ಳೆಯದು. ಅದು ನಡೆದದ್ದು ಚಳ್ಳಕೆರೆಯಲ್ಲಲ್ಲ, ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಹತ್ತಿ ಬರುವುದು ಕಡಿಮೆಯಾದಾಗ, ಅಲ್ಲಿನ ಗಿರಣಿಗಳವರು ಕೀಳುಜಾತಿಯ ಹತ್ತಿಯಿಂದ ತೆಳ್ಳನೆಯ ಬಟ್ಟೆ ನೇಯ್ದು, ಅದರ ಗಂಜಿಗೆ ಪಿಂಗಾಣಿ ಮಾಡುವ ಬಿಳಿಯ ಜೇಡಿಮಣ್ಣನ್ನು ಬೆರೆಸಿ ತೂಕ ಹೆಚ್ಚಿಸತೊಡಗಿದರು. ಹತ್ತಿಯ ಬೆಲೆ ಇಳಿದ ಮೇಲೂ ಆ ಚಾಳಿ ಬಿಡಲಿಲ್ಲ. ಒಂದೊಂದು ಥಾನಿನಲ್ಲಿ ಹತ್ತಿಯಷ್ಟೇ ತೂಕದ ಗಂಜಿಯೂ ಮಣ್ಣೂ ಸೇರಿರುತ್ತಿದ್ದವು. ಇಂಥ ಸರಕು ಮುಖ್ಯವಾಗಿ ಹೋಗುತ್ತಿದ್ದುದು ಎಲ್ಲಿಗೆ? ಭಾರತಕ್ಕೆ ಮತ್ತು ಚೀಣಕ್ಕೆ. ಕೊಂಡಾಗ ದಪ್ಪನಾಗಿ ಕಂಡ ಬಟ್ಟೆ ಮೊದಲ ಒಗೆತಕ್ಕೆ ಸೊಳ್ಳೆಪರದೆಯಂತಾಗುತ್ತಿತ್ತು. ಆ ಜೇಡಿಯ ದೂಳನ್ನು ದಿನವೂ ಉಸಿರಾಡಿದ ಅಲ್ಲಿಯ ನೇಕಾರರೇ ಕೊನೆಗೆ ದೂರು ಕೊಡಬೇಕಾಯಿತು; 1872ರಲ್ಲಿ ಟಾಡ್‌ಮಾರ್ಡನ್ ಎಂಬ ಊರಿನಲ್ಲಿ ಸರ್ಕಾರದ ವೈದ್ಯಾಧಿಕಾರಿಯೊಬ್ಬರು ವಿಚಾರಣೆ ನಡೆಸಿ ವರದಿ ಒಪ್ಪಿಸಿದರು.

ಗಂಜಿಗೂ ಮೋಸಕ್ಕೂ ಇರುವ ಅಂತರ ಇದರಿಂದ ಸ್ಪಷ್ಟವಾಗುತ್ತದೆ. ನೂಲನ್ನು ಕಾಪಾಡಲು ಹಚ್ಚಿದ್ದು ಗಂಜಿ. ನೂಲಿನ ಬದಲಿಗೆ ಹಚ್ಚಿದ್ದು ಮೋಸ. ಒಗೆದ ಮೇಲೆ ಉಳಿಯುವುದೇನೆಂಬುದೇ ಪರೀಕ್ಷೆ. ಒಳ್ಳೆಯ ಕಂಬಳಿ ಒಗೆದಂತೆಲ್ಲ ಮೆತ್ತಗಾಗುತ್ತದೆ. ಎಳೆಗಳು ಒಂದನ್ನೊಂದು ಹಿಡಿದು ಕಿಕ್ಕಿರಿಯುತ್ತವೆ. ಅದನ್ನು ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಕುರಿ ಕಾಯುವವನಿಗೆ ಅದೇ ಮನೆ, ಅದೇ ಛತ್ರಿ, ರಾತ್ರಿಗೆ ಅದೇ ಹಾಸಿಗೆ.

ಎಸೆದ ಬೀಜದ ಬೆಲೆ

ಲ್ಯಾಂಕಷೈರಿನ ಗಿರಣಿಗಳನ್ನು ನೋಡಿ ಬಂದ ನಾವು ಮತ್ತೆ ಹುಣಸೆಮರದ ನೆರಳಿಗೆ ಬರೋಣ. ಶಾಸ್ತ್ರದ ಕಣ್ಣಿನಲ್ಲಿ ಹುಣಸೆಬೀಜದ ಅಂಟು ಪಿಷ್ಟವಲ್ಲ, ಪಿಷ್ಟದ ದಾಯಾದಿ. 1839ರಲ್ಲಿಯೇ ಜರ್ಮನಿಯ ಷ್ಲೈಡನ್ ಮತ್ತು ಫೋಗೆಲ್ ಎಂಬವರು ಇಂಥ ಬೀಜಗಳಲ್ಲಿ ಅಯೊಡಿನ್‌ಗೆ ನೀಲಿಯಾಗುವ ವಸ್ತುವನ್ನು ಕಂಡು, ಅದಕ್ಕೆ ಪಿಷ್ಟದಂಥದು ಎಂಬ ಅರ್ಥದ ಹೆಸರಿಟ್ಟಿದ್ದರು. ಇದೂ ಗ್ಲೂಕೋಸಿನ ಸರವೇ. ಆದರೆ ಪೋಣಿಕೆಯ ರೀತಿ ಹತ್ತಿಯ ನಾರಿನದು. ಅಕ್ಕಪಕ್ಕದಲ್ಲಿ ಬೇರೆ ಸಕ್ಕರೆಗಳ ಕುಚ್ಚುಗಳು. ಆ ಕುಚ್ಚುಗಳಿಂದಾಗಿ ನೀರಿನಲ್ಲಿ ಹರಡಿ ಲೋಳೆಯಾಗುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಹಾರಧಾನ್ಯಕ್ಕೆ ಹಾಹಾಕಾರವೆದ್ದಿತು. 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತರು. ಗಂಜಿಗಾಗಿ ಕೈಚಾಚಿ ಜನ ಬೀದಿಯಲ್ಲಿ ಬಿದ್ದಿರುವಾಗ ಗಿರಣಿಯ ನೂಲಿಗೆ ಧಾನ್ಯದ ಗಂಜಿ ಕುಡಿಸುವುದೆಂದರೇನು? ಬದಲಿ ವಸ್ತುವೊಂದು ಬೇಕಾಗಿತ್ತು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಘೋಷ್, ಕೃಷ್ಣ, ರಾವ್ ಎಂಬ ವಿಜ್ಞಾನಿಗಳು 1940ರ ದಶಕದಲ್ಲಿ ಹುಣಸೆಬೀಜದ ಅಂಟನ್ನು ಕೂಲಂಕಷವಾಗಿ ಶೋಧಿಸಿದರು. ಹುಣಸೆಬೀಜದ ಪುಡಿ ಧಾನ್ಯದ ಪಿಷ್ಟಕ್ಕೆ ಬದಲಾಗಿ ಹತ್ತಿಯ ಮತ್ತು ಸೆಣಬಿನ ಗಿರಣಿಗಳನ್ನು ಸೇರಿತು. ಇಂದು ಅದನ್ನು ರಾಸಾಯನಿಕವಾಗಿ ತಿದ್ದಿ ಬಟ್ಟೆಗೆ ಅಚ್ಚೊತ್ತುವ ಬಣ್ಣವನ್ನು ದಪ್ಪಮಾಡಲು ಉಪಯೋಗಿಸುತ್ತಾರೆ. ಶುದ್ಧಗೊಳಿಸಿದ ಹುಣಸೆಯ ಅಂಟು, ಒಣಗಿದ ಕಣ್ಣಿಗೆ ತೇವ ಕೊಡುವ ಹನಿಮದ್ದಿಗೂ ಸೇರಿದೆ. ಕಂಬಳಿಯ ಮನೆಗಳಲ್ಲಿ ತಲೆಮಾರುಗಳಿಂದ ಒಲೆಯ ಮೇಲೆ ಕುದಿಯುತ್ತಿದ್ದ ವಸ್ತುವಿಗೆ ದೊರೆತ ಮರ್ಯಾದೆ ಇದು. ಆ ಮನೆಗಳಿಗೆ ಅದರಲ್ಲಿ ಪಾಲು ದೊರೆಯಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬಿಟ್ಟುಹೋದ ಗಂಜಿ ಎಲ್ಲಿ ಹೋಯಿತು?

ಗಂಜಿ ಕೆಲಸ ಮುಗಿದ ಮೇಲೆ ಬಿಟ್ಟುಹೋಗಬೇಕೆಂದೆವಷ್ಟೆ. ಹೋದದ್ದು ಎಲ್ಲಿಗೆ? ಗಿರಣಿಯಲ್ಲಿ ನೇಯ್ದ ಬಟ್ಟೆಗೆ ಬಣ್ಣ ಹಾಕುವ ಮೊದಲು ಕಿಣ್ವದ ನೀರಿನಲ್ಲಿ ನೆನೆಸಿ ಗಂಜಿಯನ್ನು ಕರಗಿಸಿ ತೆಗೆಯುತ್ತಾರೆ. ಆ ನೀರು ಹೊಳೆಗೆ ಸೇರಿದರೆ ಅದರೊಳಗಿನ ಗಂಜಿಯನ್ನು ತಿಂದು ಸೂಕ್ಷ್ಮಜೀವಿಗಳು ಕೋಟಿಗಟ್ಟಲೆ ಹೆಚ್ಚಿ, ನೀರಿನಲ್ಲಿ ಕರಗಿದ ಪ್ರಾಣವಾಯುವನ್ನೆಲ್ಲ ಮುಗಿಸುತ್ತವೆ, ಮೀನಿಗೆ ಉಸಿರಿಲ್ಲ. ಹತ್ತಿಬಟ್ಟೆಯ ಗಿರಣಿಗಳ ಕೊಳೆನೀರಿನಲ್ಲಿ ಹೀಗೆ ಪ್ರಾಣವಾಯುವನ್ನು ನುಂಗುವ ಹೊಲಸಿನ ಸುಮಾರು ಅರ್ಧ ಪಾಲು ಈ ಗಂಜಿಯದೇ ಎಂದು ಬಲ್ಲವರ ಲೆಕ್ಕ. ಮನುಷ್ಯನನ್ನು ಸಾಕುವ ಗಂಜಿ ಹೊಳೆಯನ್ನು ಕೊಲ್ಲುತ್ತದೆ! ಆದ್ದರಿಂದ ಕಡಿಮೆ ಗಂಜಿಯಲ್ಲಿ ಹೆಚ್ಚು ಕೆಲಸವಾಗುವಂತೆ ಪಿಷ್ಟವನ್ನು ತಿದ್ದುವುದೂ, ಕೊಳೆನೀರನ್ನು ಶುದ್ಧಮಾಡದೆ ಹೊರಬಿಡದಿರುವುದೂ ಇಂದಿನ ದೊಡ್ಡ ಕೆಲಸ. ಮಳೆಯೇ ಅಪರೂಪವಾದ ಸೀಮೆಯವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಕೊಡ ಹಿಡಿದು ನಡೆದವರಿಗೆ ನೀರಿನ ಬೆಲೆ ಗೊತ್ತು.

ಅದೇ ಸೀಮೆಯವರಿಗೆ ಪಿಷ್ಟದಿಂದ ಒಂದು ಆಸೆಯ ಮಾತೂ ಇದೆ. 1970ರ ದಶಕದಲ್ಲಿ ಅಮೆರಿಕದ ಪಿಯೋರಿಯ ನಗರದ ಸರ್ಕಾರಿ ಪ್ರಯೋಗಶಾಲೆಯಲ್ಲಿ ಮೆಕ್ಕೆಜೋಳದ ಪಿಷ್ಟಕ್ಕೆ ಬೇರೊಂದು ಕೃತಕ ಸರವನ್ನು ಕಸಿಮಾಡಿ, ತನ್ನ ತೂಕದ ನೂರಾರು ಪಟ್ಟು ನೀರನ್ನು ಹೀರಿ ಹಿಡಿದಿಡುವ ಪುಡಿಯೊಂದನ್ನು ತಯಾರಿಸಿದರು. ಬಿತ್ತನೆಯ ಬೀಜಕ್ಕೆ ಲೇಪಿಸಿ, ಗಿಡದ ಬೇರಿಗೆ ಹಚ್ಚಿ, ಮಣ್ಣಿನ ತೇವವನ್ನು ನಾಲ್ಕು ದಿನ ಹೆಚ್ಚು ಉಳಿಸುವ ಪ್ರಯತ್ನ ಅಲ್ಲಿಂದ ಆರಂಭವಾಯಿತು. ಅದು ಮಳೆ ಸುರಿಸುವ ಮಂತ್ರವಲ್ಲ. ಬಿದ್ದ ಹನಿಯನ್ನು ಹಿಡಿದುಕೊಳ್ಳುವ ಉಪಾಯ ಮಾತ್ರ. ಬೆಲೆ ಕೈಗೆಟುಕಿದರೆ ಬಯಲುಸೀಮೆಗೆ ಅದೂ ಸಣ್ಣ ಉಪಕಾರವಲ್ಲ.

ಇನ್ನು ರಾಯರ ಕಂಬಳಿ. ಇದಿಷ್ಟನ್ನೂ ಅವರಿಗೆ ಹೇಳಿ, ಕಂಬಳಿಯನ್ನು ತಣ್ಣೀರಿನಲ್ಲಿ ನೆನೆಸಿ, ತಿಕ್ಕದೆ ಅದುಮಿ ಒಗೆದು, ನೆರಳಿನಲ್ಲಿ ಹರಡಿ ಒಣಗಿಸಬೇಕೆಂದೂ, ಬಿಸಿನೀರು ತಾಕಿದರೆ ಉಣ್ಣೆ ಮುದುಡುವುದೆಂದೂ ತಿಳಿಸಿದೆ. ಎರಡು ಮೂರು ಒಗೆತಗಳಲ್ಲಿ ಕಂಬಳಿ ಮೆತ್ತಗಾಯಿತು. ಒಂದು ಎಳೆಯೂ ಸಡಿಲವಾಗಲಿಲ್ಲ. ಮೊನ್ನೆ ಹೋದಾಗ ಅವರ ಮೊಮ್ಮಗ ಅದನ್ನು ತಲೆಯವರೆಗೆ ಹೊದ್ದು ನಿದ್ದೆಹೋಗಿದ್ದ. ರಾಯರು ಮೋಸದ ಮಾತನ್ನು ಮತ್ತೆ ಎತ್ತಲಿಲ್ಲ. ಕಾಫಿ ಕುಡಿಯುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಕೇಳಿದರು:

"ಅಲ್ಲ ಸ್ವಾಮಿ, ಆ ಹುಣಸೆಬೀಜ ಹುರಿದು ಸಿಪ್ಪೆ ತೆಗೆದು ರುಬ್ಬುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ?"

"ನಮ್ಮ ಮನೆಯ ಹಾಗೆ ಮಿಕ್ಸಿಯಲ್ಲಿ ಎರಡು ನಿಮಿಷವಂತೂ ಅಲ್ಲ. ನೆನೆಯುವುದಕ್ಕೇ ಬಹಳ ಹೊತ್ತು ಬೇಕು. ಆಮೇಲೆ ರುಬ್ಬಬೇಕು, ಕುದಿಸಬೇಕು, ಬಳಿಯಬೇಕು, ಬಿಸಿಲು ಕಾಯಬೇಕು. ನೇಯ್ಗೆ ಅದರಾಚೆಗೆ," ಎಂದೆ.

ರಾಯರು ಲೋಟವನ್ನು ಕೆಳಗಿಟ್ಟರು. "ಆ ನೂರು ರೂಪಾಯಿ ಇಳಿಸಬಾರದಾಗಿತ್ತು," ಎಂದರು.